ಹೊಸ ಲೋವರ್ ಆರ್ಮ್ ಬುಷ್ ನಾಲ್ಕೇ ತಿಂಗಳಿಗೆ ಹರಿಯಿತಾ? ಅಂಗಡಿಯವರನ್ನು ಆಮೇಲೆ ಬೈಯಿರಿ

ಪ್ರಶ್ನೆ: ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಒಳ್ಳೆ ಕಂಪನಿಯ ಲೋವರ್ ಆರ್ಮ್ (ಮುಂದಿನ ಚಕ್ರವನ್ನು ಕೆಳಗಡೆ ಕಾರಿನ ಫ್ರೇಮಿಗೆ ಹಿಡಿದಿಡುವ ತೋಳು) ತಂದು ಮನೆ ಹತ್ತಿರದ ಗ್ಯಾರೇಜಿನಲ್ಲಿ ಎರಡೂ ಕಡೆ ಹಾಕಿಸಿದೆ. ವೀಲ್ ಅಲೈನ್‌ಮೆಂಟ್ ಕೂಡ ಆಯಿತು. ನಾಲ್ಕು ತಿಂಗಳಿಗೆ ಹಂಪ್ ಮೇಲೆ ಮತ್ತೆ ಕಟಕಟ ಸದ್ದು, ಎರಡೂ ಕಡೆ ಆರ್ಮ್ ಫ್ರೇಮಿಗೆ ಕೂಡುವಲ್ಲಿನ ರಬ್ಬರ್ ಬುಷ್ ಹರಿದಿದೆ ಎನ್ನುತ್ತಾರೆ. ನನಗೆ ಡೂಪ್ಲಿಕೇಟ್ ಕೊಟ್ಟರಾ? (ಬನಶಂಕರಿಯ ಓದುಗರು)

ಇದೇ ಪ್ರಶ್ನೆ ಏರಿಯಾ ಹೆಸರು ಬದಲಾಯಿಸಿಕೊಂಡು ಬರುತ್ತಲೇ ಇದೆ. ಹಾಗಾಗಿ ಈ ಸಲ ಜಾಗದ ಹೆಚ್ಚಿನ ಪಾಲು ಇದಕ್ಕೇ.

ಡೂಪ್ಲಿಕೇಟ್ ಇರಬಹುದು, ಇಲ್ಲ ಎನ್ನುವುದಿಲ್ಲ. ಆದರೆ ಎರಡೂ ಕಡೆ ಒಟ್ಟಿಗೇ ಹರಿದಿದೆ ಎಂದರೆ ನನ್ನ ಅನುಮಾನ ಮೊದಲು ಹೋಗುವುದು ಫಿಟ್ಟಿಂಗ್ ಮೇಲೆ. ಆ ದಿನ ಬೋಲ್ಟ್ ಬಿಗಿಯುವಾಗ ಚಕ್ರ ಎಲ್ಲಿತ್ತು? ನೆಲದ ಮೇಲಾ, ಗಾಳಿಯಲ್ಲಾ? ಕಾರು ಎರಡು ಕಂಬದ ಲಿಫ್ಟ್ ಮೇಲೆ, ಚಕ್ರಗಳು ನೇತಾಡುತ್ತಾ, ಹುಡುಗ ಏರ್ ಗನ್ ಹಿಡಿದು ಟರ್ ಎಂದು ಬಿಗಿದು ಮುಗಿಸಿದ, ಅಲ್ವಾ? ಹಾಗಾಗಿದ್ದರೆ ಕಥೆ ಅಲ್ಲೇ ಮುಗಿದಿದೆ.

ಬುಷ್ ಒಳಗೆ ಏನಿದೆ ನೋಡಿ. ಹೊರಗೊಂದು ಲೋಹದ ಬಳೆ, ಒಳಗೊಂದು ಸ್ಲೀವ್, ನಡುವೆ ರಬ್ಬರ್. ಸಾಮಾನ್ಯವಾಗಿ ರಬ್ಬರ್ ಎರಡಕ್ಕೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದಾಗ ಒಳಗಿನ ಸ್ಲೀವ್ ಫ್ರೇಮಿಗೆ ಕಚ್ಚಿಕೊಂಡು ನಿಂತುಬಿಡುತ್ತದೆ. ಅಲ್ಲಿ ತಿರುಗುವ ಬೇರಿಂಗ್ ಏನೂ ಇಲ್ಲ. ಆಮೇಲೆ ಆರ್ಮ್ ಮೇಲೆ ಕೆಳಗೆ ಆಡುವುದೆಲ್ಲ ರಬ್ಬರ್ ತಿರುಚಿಕೊಂಡೇ ಆಗಬೇಕು. ಚಕ್ರ ನೇತಾಡುವಾಗ ಆರ್ಮ್ ಪೂರ್ತಿ ಕೆಳಗೆ ಇಳಿದಿರುತ್ತದೆ. ಅಲ್ಲೇ ಬಿಗಿದು ಕಾರು ಇಳಿಸಿದರೆ ರಬ್ಬರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ, ಕಾರು ಸುಮ್ನೆ ಮನೆ ಮುಂದೆ ನಿಂತಿದ್ದರೂ ಹಾಗೇ ಇರುತ್ತದೆ. ಅದರ ಮೇಲೆ ನಮ್ಮ ರಸ್ತೆಯ ಹಳ್ಳ ಬಂದಾಗ ಇನ್ನೂ ತಿರುಚಬೇಕು, ಅಷ್ಟು ಜಾಗ ಅದರಲ್ಲಿ ಉಳಿದಿರುವುದಿಲ್ಲ, ಅಂಚಿನಿಂದ ಸೀಳಲು ಶುರು. ಇಂಥ ಕಾರು ಫಿಟ್ಟಿಂಗ್ ಆದ ದಿನ ಮುಂದುಗಡೆ ಒಂಚೂರು ಎತ್ತರ ನಿಂತಿರುತ್ತದೆ. ಆ ಎತ್ತರದಲ್ಲೇ ಅಲೈನ್‌ಮೆಂಟ್ ಮಾಡಿಸಿರುತ್ತೀರಿ. ಬುಷ್ ಹರಿದು ಕಾರು ಕೆಳಗೆ ಕೂತಾಗ ಅದೂ ಹಾಳು. ಆಮೇಲೆ ಟೈರ್ ಒಂದು ಅಂಚಿನಲ್ಲಿ ಸವೆಯುತ್ತದೆ, ನೀವು ಟೈರ್ ಕಂಪನಿಗೆ ಬೈಯುತ್ತೀರಿ.

ಹಾಗಾದರೆ ಮಾಡಬೇಕಾದದ್ದೇನು? ಲಿಫ್ಟ್ ಮೇಲೆ ಬೋಲ್ಟ್ ತೂರಿಸಿ, ನಟ್ ಕೈಯಲ್ಲಿ ಕೂರಿಸಿ, ಅಷ್ಟಕ್ಕೇ ನಿಲ್ಲಿಸಬೇಕು. ಕೊನೆಯ ಬಿಗಿ ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ. ಮೆಕ್ಯಾನಿಕ್ ತಕ್ಷಣ ಕೇಳುತ್ತಾರೆ, ಚಕ್ರ ನೆಲದಲ್ಲಿದ್ದರೆ ಕೆಳಗೆ ಸ್ಪ್ಯಾನರ್ ಹೋಗುವುದು ಹೇಗೆ ಸಾರ್ ಎಂದು. ನ್ಯಾಯವಾದ ಪ್ರಶ್ನೆ. ಗುಂಡಿ ಇರುವ ಹಳೆ ಗ್ಯಾರೇಜಿನಲ್ಲಿ ಇದು ಸಲೀಸು. ಇಲ್ಲದಿದ್ದರೆ ಅಲೈನ್‌ಮೆಂಟ್ ರ್‍ಯಾಂಪ್ ಇದೆಯಲ್ಲ, ಅಲ್ಲಿ ನಾಲ್ಕೂ ಚಕ್ರ ಹಲಗೆ ಮೇಲೇ ನಿಂತಿರುತ್ತವೆ, ಕೆಳಗೆ ಕೈಯಾಡುತ್ತದೆ. ಅಲೈನ್‌ಮೆಂಟ್‌ಗೆ ಹೇಗೂ ಹೋಗಲೇಬೇಕು, ಅದು ಶುರುವಾಗುವ ಮೊದಲು ಅಲ್ಲೇ ಆರ್ಮ್ ಬೋಲ್ಟ್ ಬಿಗಿಸಿ. ಅಲ್ಲಿಯವರೆಗೆ ಸಡಿಲ ಬೋಲ್ಟಿನಲ್ಲಿ ರಸ್ತೆಗೆ ಇಳಿಯಬೇಡಿ. ಎರಡೂ ಒಂದೇ ಜಾಗದಲ್ಲಿ ಸಿಗುವ ಗ್ಯಾರೇಜ್ ಹುಡುಕಿ.

ಅದೂ ಆಗದಿದ್ದರೆ ಇನ್ನೊಂದು ದಾರಿ. ಕಾರು ಎತ್ತುವ ಮೊದಲೇ ಚಕ್ರದ ನಟ್ಟನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಅಳತೆ ಬರೆದುಕೊಳ್ಳಿ. ಜೋಡಣೆಯಾದ ಮೇಲೆ ಆರ್ಮಿನ ಬಾಲ್ ಜಾಯಿಂಟ್ ಕಡೆಯ, ಅಂದರೆ ಚಕ್ರದ ಕಡೆಯ ತುದಿಗೆ ಜಾಕ್ ಕೊಟ್ಟು, ಅದೇ ಅಳತೆ ಬರುವವರೆಗೆ ಎತ್ತಿ ಬಿಗಿಯುವುದು. ಕಾರು ಸ್ಟ್ಯಾಂಡ್ ಮೇಲೆ ಗಟ್ಟಿಯಾಗಿ ಕೂತಿರಬೇಕು, ಜಾಕ್ ನಂಬಿಕೊಂಡು ಕೆಳಗೆ ತಲೆ ಹಾಕುವವರಿಗೆ ನಾನು ಉತ್ತರವನ್ನೇ ಕೊಡುವುದಿಲ್ಲ. ಕೊನೆಗೆ ಬಿಗಿಯನ್ನು ಅಳೆದು ಬಿಗಿಯುವ ಟಾರ್ಕ್ ವ್ರೆಂಚ್. ಎಷ್ಟು ಬಿಗಿ ಎಂಬುದು ನಿಮ್ಮ ಕಾರಿನ ಸರ್ವಿಸ್ ಮ್ಯಾನುವಲ್‌ನಲ್ಲಿದೆ, ಮೆಕ್ಯಾನಿಕ್ಕಿನ ತೋಳಿನಲ್ಲಿ ಇಲ್ಲ. ಕೆಲವು ಕಾರುಗಳಲ್ಲಿ ಈ ಬೋಲ್ಟು ಒಂದೇ ಸಲ ಬಳಸುವಂಥದ್ದು. ಅದು ಹೊಸದೇ ಬೇಕು.

ಹಳೇ ಆರ್ಮಿಗೆ ಬರೀ ಬುಷ್ ಒತ್ತಿಸುವವರಿಗೆ ಒಂದು ಮಾತು. ಕೆಲವು ಬುಷ್‌ಗಳಲ್ಲಿ ರಬ್ಬರಿನ ನಡುವೆ ಖಾಲಿ ಜಾಗ ಬಿಟ್ಟಿರುತ್ತಾರೆ. ಅದು ಯಾವ ದಿಕ್ಕಿಗೆ ಬರಬೇಕು ಎಂಬುದಕ್ಕೆ ಲೆಕ್ಕವಿದೆ. ಹಳೆಯದನ್ನು ತೆಗೆಯುವ ಮೊದಲು ಫೋಟೋ ತೆಗೆದುಕೊಳ್ಳಿ. ಒತ್ತುವಾಗ ಜಾರಲಿ ಎಂದು ಎಂಜಿನ್ ಆಯಿಲ್ಲೋ ಗ್ರೀಸೋ ಹಚ್ಚುವುದು ಶುದ್ಧ ಅಡ್ಡಕಸುಬು. ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಸೋಪ್ ನೀರು ಸಾಕು.

ಪ್ರಶ್ನೆ: ಹೊಸ ಟೈರಾಡ್ ಎಂಡ್ (ಸ್ಟೀರಿಂಗ್ ಸರಳನ್ನು ಚಕ್ರದ ಕಡೆಗೆ ಸೇರಿಸುವ ಜಾಯಿಂಟ್) ಬಿಗಿದ ಮೇಲೆ, ನಟ್ ಬಿಚ್ಚಿಕೊಳ್ಳದಂತೆ ತೂರಿಸುವ ಸ್ಪ್ಲಿಟ್ ಪಿನ್ ತೂತು ಕೂಡುತ್ತಿಲ್ಲ. ಸ್ವಲ್ಪ ಲೂಸ್ ಮಾಡಿ ಕೂರಿಸಬಹುದಾ? (ಯಶವಂತಪುರ)

ಬೇಡ. ತೂತು ಕೂಡುವವರೆಗೆ ಮುಂದಕ್ಕೇ ಬಿಗಿಯಿರಿ, ಹಿಂದಕ್ಕೆ ಬೇಡ. ಸ್ಟೀರಿಂಗ್ ಇದು, ಕಿಟಕಿ ಚಿಲಕವಲ್ಲ. ಪಿನ್ ಬದಲು ತಂತಿ ಸುತ್ತಿ ಕಳಿಸಿದ್ದರೆ ಗಾಡಿ ವಾಪಸ್ ತಿರುಗಿಸಿ.

ಪ್ರಶ್ನೆ: ಹೊಸ ಶಾಕ್ ಅಬ್ಸಾರ್ಬರ್ ಒಂದೇ ತಿಂಗಳಿಗೆ ಆಯಿಲ್ ಲೀಕ್. (ವಿಜಯನಗರ)

ಮೇಲಿನ ನಟ್ ಬಿಗಿಯುವಾಗ ರಾಡ್ ತಿರುಗದಿರಲಿ ಎಂದು ಪ್ಲೈಯರ್‌ನಲ್ಲಿ ಹಿಡಿದಿರುತ್ತಾರೆ. ರಾಡಿಗೆ ತೊಡಿಸಿದ ರಬ್ಬರ್ ಬೂಟ್ ಸರಿಸಿ ರಾಡ್ ನೋಡಿ, ಗೀರು ಸಿಕ್ಕರೆ ಅದೇ ಸೀಲ್ ಕೊಯ್ದಿದೆ. ರಾಡ್ ಹಿಡಿಯಲು ತುದಿಯಲ್ಲೇ ಅಲೆನ್ ಕೀ ಕಿಂಡಿಯೋ ಚಪ್ಪಟೆ ಜಾಗವೋ ಇರುತ್ತದೆ. ಅದು ಸುಮ್ನೆ ಇಟ್ಟದ್ದಲ್ಲ.

ಪ್ರಶ್ನೆ: ಕಾರಿನ ಹೊಟ್ಟೆ ಹಂಪ್‌ಗೆ ತಾಗುತ್ತದೆ. ಸ್ಪ್ರಿಂಗ್ ಸುರುಳಿ ನಡುವೆ ರಬ್ಬರ್ ಬಫರ್ ಹಾಕಿಸಲಾ? (ಹಲವರು)

ಬೇಡ. ರಬ್ಬರ್ ಕೂತ ಸುರುಳಿ ಕೆಲಸ ಮಾಡುವುದಿಲ್ಲ, ಅದು ಕುಗ್ಗಬೇಕಾದಷ್ಟನ್ನೂ ಉಳಿದವೇ ಕುಗ್ಗಬೇಕು. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ನಿಯಮದ ಸಾಮಾನ್ಯ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಿಮ್ಮ ಬೀದಿಯದು ಹಾಗಿದೆಯಾ? ಆ ಸಿಟ್ಟನ್ನು ಸ್ಪ್ರಿಂಗ್ ಮೇಲೆ ತೀರಿಸಿಕೊಳ್ಳಬೇಡಿ.

ಪ್ರಶ್ನೆ: ಸ್ಟೀರಿಂಗ್ ರ್‍ಯಾಕ್ (ಸ್ಟೀರಿಂಗ್ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಭಾಗ) ಬದಲಿಸಿದ ಮೇಲೆ ಹಾರ್ನ್ ಇಲ್ಲ, ಏರ್‌ಬ್ಯಾಗ್ ದೀಪ ಆರುತ್ತಿಲ್ಲ. ಸ್ಟೀರಿಂಗ್ ಕೂಡ ಸೊಟ್ಟ. (ಹೆಬ್ಬಾಳ)

ಸ್ಟೀರಿಂಗ್ ಚಕ್ರದ ಹಿಂದೆ ಸುರುಳಿ ಸುತ್ತಿದ ಪಟ್ಟಿಯಂಥ ಕೇಬಲ್ ಇದೆ, ಕ್ಲಾಕ್ ಸ್ಪ್ರಿಂಗ್ ಎನ್ನುತ್ತಾರೆ. ಅದು ಎರಡೂ ಕಡೆ ಇಂತಿಷ್ಟೇ ಸುತ್ತು ತಿರುಗುತ್ತದೆ. ರ್‍ಯಾಕ್ ಬಿಚ್ಚಿದಾಗ ಯಾರೋ ಸ್ಟೀರಿಂಗ್ ಗಿರಗಿರ ತಿರುಗಿಸಿ ಅದನ್ನು ಕಿತ್ತಿರುವಂತಿದೆ. ಬಿಚ್ಚುವ ಮೊದಲು ಸ್ಟೀರಿಂಗ್ ನೇರ ಮಾಡಿ ಸೀಟ್ ಬೆಲ್ಟಿನಿಂದ ಕಟ್ಟಿದ್ದರೆ ಇದು ಆಗುತ್ತಲೇ ಇರಲಿಲ್ಲ. ಸೊಟ್ಟ ಸರಿಮಾಡಲು ಸ್ಟೀರಿಂಗ್ ಕಿತ್ತು ಬೇರೆ ಹಲ್ಲಿಗೆ ಕೂರಿಸುತ್ತೇವೆ ಎಂದರೆ ಒಪ್ಪಬೇಡಿ. ಕೆಳಗಿನ ಶಾಫ್ಟ್ ಸರಿಯಾದ ಹಲ್ಲಿಗೆ ಕೂತಿದೆಯಾ ನೋಡಿಸಿ, ಉಳಿದದ್ದು ಅಲೈನ್‌ಮೆಂಟ್‌ನಲ್ಲಿ ಟೈರಾಡ್ ತಿರುಗಿಸಿ ಆಗಬೇಕು. ಆ ದೀಪ ಉರಿಯುತ್ತಿರುವಷ್ಟು ದಿನ ಏರ್‌ಬ್ಯಾಗ್ ತೆರೆಯುತ್ತದೆ ಎಂದು ನಂಬಬೇಡಿ. ಬಲ್ಬನ್ನೇ ಕಿತ್ತು ಸರಿಯಾಯಿತು ಎಂದು ಕೊಡುವ ಮಹಾನುಭಾವರೂ ಇದ್ದಾರೆ, ಹುಷಾರು. ಹೊಸ ಕೇಬಲ್ ಹಾಕಿಸಿ, ಬಿಲ್ಲನ್ನು ರ್‍ಯಾಕ್ ಬಿಚ್ಚಿದವರ ಕೈಗೇ ಕೊಡಿ.