ನಾಯಿಯ ಚರ್ಮದ ಒದ್ದೆ ಹುಣ್ಣಿಗೆ ಮನೆಯಲ್ಲಿ ಏನು ಹಚ್ಚಬಹುದು?

ಚಿಕ್ಕಮಗಳೂರಿನ ನಿಮ್ಮ ಗೋಲ್ಡನ್ ರಿಟ್ರೀವರ್ ನಾಯಿಗೆ ಬಾಲದ ಬುಡದ ಬಳಿ ರಾತ್ರಿ ಬೆಳಗಾಗುವುದರೊಳಗೆ ಕೂದಲು ಉದುರಿ ಕೆಂಪಗೆ ಒಸರುವ ಹುಣ್ಣು ಎದ್ದಿದೆ, ಅದಕ್ಕೆ ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ ಒಳ್ಳೆಯದೋ ಬೆಟಾಡಿನ್ ಒಳ್ಳೆಯದೋ ಎಂದು ಕೇಳಿದ್ದೀರಿ. ಸಕಲೇಶಪುರದ ಕಡೆಯ ನಮ್ಮ ತೋಟದ ಮನೆಯಲ್ಲಿ ಒಂದು ಮಳೆಗಾಲದಲ್ಲಿ ನಾನೂ ನಮ್ಮ ಅತ್ತೆಯವರೂ ಇದೇ ವಿಷಯಕ್ಕೆ ವಾದಿಸಿದ್ದೆವು. ಅವರು ಅರಿಶಿನದ ಪರ, ನಾನು ಬೆಟಾಡಿನ್ ಪರ. ಕೊನೆಗೆ ಎರಡನ್ನೂ ಸರದಿಯಂತೆ ಹಚ್ಚಿದೆವು. ಹುಣ್ಣು ತನ್ನ ಪಾಡಿಗೆ ಬೆಳೆಯುತ್ತ ಹೋಯಿತು.

ನಮ್ಮದು ಲ್ಯಾಬ್ರಡಾರ್. ಆಷಾಢದ ಜಡಿಮಳೆಯಲ್ಲಿ ಕಾಫಿ ಗಿಡಗಳ ನಡುವೆ ನುಗ್ಗಿ ತಿರುಗಾಡಿ, ಜಗಲಿಯ ಮೇಲೆ ಹಾಸಿದ ಗೋಣಿಚೀಲದಲ್ಲಿ ಬಂದು ಮಲಗುವುದು ಅದರ ದಿನಚರಿಯಾಗಿತ್ತು. ಇಂತಹ ತಳಿಗಳಿಗೆ ಎರಡು ಪದರದ ಕೂದಲಿರುತ್ತದೆ. ಹೊರಗಿನ ಕೂದಲು ಆರಿದಂತೆ ಕಂಡರೂ ಒಳಗೂದಲು ಚರ್ಮದ ಬಳಿ ತೇವವಾಗಿಯೇ ಉಳಿಯುತ್ತದೆ. ಗೋಣಿಯೂ ಆ ತಿಂಗಳುಗಳಲ್ಲಿ ಆರುವುದಿಲ್ಲ. ಒಂದು ಸಂಜೆ ಅದರ ಕಿವಿಯ ಕೆಳಗೆ, ಕೆನ್ನೆಯ ಮೇಲೆ, ನಾಣ್ಯದಗಲದ ಜಾಗ ಅಂಟಂಟಾಗಿ ಕಾಣಿಸಿತು. ಬೆಳಗ್ಗೆ ನೋಡಿದರೆ ಅದು ಅಂಗೈಯಗಲ ಆಗಿತ್ತು.

ನಾನು ಮಾಡಿದ ತಪ್ಪನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿಯೂ ಕೂದಲು ಕತ್ತರಿಸುವ ಮಾತೇ ಇಲ್ಲ. ಗಾಯದ ಸುತ್ತ ಉಳಿದಿದ್ದ ಕೂದಲನ್ನು ನಾನು ಬೇಕೆಂದೇ ಬಿಟ್ಟಿದ್ದೆ. ತೋಟದಲ್ಲಿ ದನಕರುಗಳ ಗಾಯಕ್ಕೆ ನೊಣ ಕುಳಿತು ಹುಳ ಬಿದ್ದದ್ದನ್ನು ಕಂಡವರಿಗೆ ತೆರೆದ ಗಾಯವೆಂದರೆ ಭಯ. ಕೂದಲಿದ್ದರೆ ಅದೇ ಒಂದು ಮುಚ್ಚಿಗೆ ಎಂದು ನಾನು ಲೆಕ್ಕ ಹಾಕಿದ್ದೆ. ಆದರೆ ಒಸರುವ ಕೀವು ಕೂದಲಿಗೆ ಮೆತ್ತಿಕೊಂಡು, ಅದರ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಅರಿಶಿನ ಸೇರಿ, ಮೇಲ್ಭಾಗದಲ್ಲಿ ಗಟ್ಟಿಯಾದ ಹಕ್ಕಳೆ ಕಟ್ಟಿತು. ಗಾಯ ಆರುತ್ತಿದೆಯೆಂದು ನಾವು ಸಂತೋಷಪಟ್ಟೆವು. ವಾಸ್ತವದಲ್ಲಿ ಹಕ್ಕಳೆಯ ಕೆಳಗೆ ಗಾಳಿಯಾಡದೆ, ಬಿಸಿಯೂ ತೇವವೂ ಕೂಡಿ, ಬ್ಯಾಕ್ಟೀರಿಯಾಗಳಿಗೆ ಹೇಳಿ ಮಾಡಿಸಿದ ಜಾಗವಾಗಿತ್ತು. ಈ ಹುಣ್ಣಿನಲ್ಲಿ ಸಾಮಾನ್ಯವಾಗಿ ಬೆಳೆಯುವ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಹೊರಗಿನಿಂದ ಬರಬೇಕಾದುದೇ ಇಲ್ಲ. ಆರೋಗ್ಯವಂತ ನಾಯಿಯ ಚರ್ಮದ ಮೇಲೂ ಅದು ಇರುತ್ತದೆ, ಚರ್ಮ ಕೆರೆದು ತೇವವಾದಾಗ ಹೆಚ್ಚುತ್ತದೆ. ಕೂದಲಿನ ಮರೆಯಲ್ಲಿ ಹುಣ್ಣು ಎಷ್ಟು ಹರಡಿದೆಯೆಂಬುದೂ ನಮಗೆ ಕಾಣಿಸಲಿಲ್ಲ. ಕೊನೆಗೆ ಪಶುವೈದ್ಯರು ಯಂತ್ರ ಹಿಡಿದು ಬೋಳಿಸಿದಾಗ, ನಾವು ಔಷಧಿ ಹಚ್ಚುತ್ತಿದ್ದ ಜಾಗದ ಎರಡರಷ್ಟು ಚರ್ಮ ಹಸಿಯಾಗಿತ್ತು, ಕತ್ತಿನ ಕೆಳಗಿನವರೆಗೂ ಹೋಗಿತ್ತು. ಮೊದಲ ದಿನವೇ ಕತ್ತರಿಸಿದ್ದರೆ ಬೇಗ ಆರಬಹುದಾಗಿದ್ದ ಗಾಯಕ್ಕೆ ಮಂಪರಿನ ಚುಚ್ಚುಮದ್ದು, ವಾರಗಟ್ಟಲೆ ಆಂಟಿಬಯೋಟಿಕ್ ಮಾತ್ರೆ, ಅದಕ್ಕೆ ತಕ್ಕ ಖರ್ಚು ಎಲ್ಲವೂ ಬಂದವು. ನೊಣದ ಭಯ ಸುಳ್ಳಲ್ಲ, ಆದರೆ ಅದಕ್ಕೆ ಪರಿಹಾರ ನಾಯಿಯನ್ನು ಮನೆಯೊಳಗೆ ಇಟ್ಟುಕೊಳ್ಳುವುದೇ ಹೊರತು ಗಾಯದ ಮೇಲೆ ಕೂದಲು ಬಿಡುವುದಲ್ಲ.

ಆದ್ದರಿಂದ ಅರಿಶಿನವೋ ಬೆಟಾಡಿನ್ನೋ ಎಂಬ ಆಯ್ಕೆಯನ್ನೇ ನಾನು ಒಪ್ಪುವುದಿಲ್ಲ. ಈ ಹುಣ್ಣನ್ನು ಮಾಡಿದ್ದು ನಾಯಿಯದೇ ಹಲ್ಲು, ನಾಲಿಗೆ ಮತ್ತು ಉಗುರು. ಎಲ್ಲೋ ತುರಿಕೆ ಅಥವಾ ನೋವು ಇದ್ದುದರಿಂದ ಅದು ಕೆರೆದುಕೊಂಡಿದೆ, ಕೆರೆದಷ್ಟೂ ತುರಿಕೆ ಹೆಚ್ಚಿದೆ. ನಮ್ಮ ನಾಯಿಯ ಮೂಲ ಕಾರಣ ಕಿವಿಯೊಳಗಿತ್ತು: ಜೋತುಬಿದ್ದ ಕಿವಿಯಲ್ಲಿ ಸೋಂಕಾಗಿ, ಹಿಂಗಾಲಿನಿಂದ ಕಿವಿ ಕೆರೆಯುವಾಗ ಉಗುರು ಕೆನ್ನೆಗೆ ತಾಗುತ್ತಿತ್ತು. ಕಿವಿಗೆ ಔಷಧಿ ಬಿಟ್ಟ ಮೇಲೆಯೇ ಅದು ನಿಂತದ್ದು. ಬಾಲದ ಬುಡ, ಬೆನ್ನಿನ ಕೆಳಭಾಗವಾದರೆ ಮೊದಲು ಚಿಗಟದ ಮೇಲೆ ಅನುಮಾನ ಪಡಬೇಕು. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ನಾಯಿಗೆ ಬೆರಳೆಣಿಕೆಯ ಕಡಿತಗಳೇ ಸಾಕು. ಗುದದ ಪಕ್ಕದ ಗ್ರಂಥಿಗಳು ಕಟ್ಟಿಕೊಂಡರೂ, ಸೊಂಟದ ಕೀಲು ನೋಯುತ್ತಿದ್ದರೂ ನಾಯಿ ಅದೇ ಜಾಗವನ್ನು ಕಚ್ಚುತ್ತದೆ.

ಮನೆಯಲ್ಲಿ ಮಾಡಬಹುದಾದುದು ಇಷ್ಟು. ಒಬ್ಬರು ನಾಯಿಯನ್ನು ಹಿಡಿದುಕೊಳ್ಳಲಿ, ಇನ್ನೊಬ್ಬರು ಕೂದಲು ಕತ್ತರಿಸುವ ಯಂತ್ರದಿಂದ, ಹುಣ್ಣಿನ ಅಂಚು ದಾಟಿ ಆರೋಗ್ಯವಾದ ಚರ್ಮ ಕಾಣುವವರೆಗೆ ಬೋಳಿಸಲಿ. ಕತ್ತರಿಯಾದರೆ ಮೊನೆ ಮೊಂಡಾಗಿರಬೇಕು. ಇದು ಬಹಳ ನೋಯುವ ಹುಣ್ಣು, ಎಂದೂ ಕಚ್ಚದ ನಾಯಿಯೂ ಕಚ್ಚೀತು. ಗುರುಗುಟ್ಟಿದರೆ ಅಲ್ಲಿಗೇ ಬಿಟ್ಟು ವೈದ್ಯರ ಬಳಿಗೆ ಹೋಗಿ. ಬಳಿಕ ಕಾಯಿಸಿ ಆರಿಸಿದ ನೀರಿನಿಂದ ತೊಳೆದು, ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿದ ಬೆಟಾಡಿನ್‌ನಲ್ಲಿ ಅಥವಾ ವೈದ್ಯರು ಹೇಳಿದ ಪ್ರಮಾಣದ ಕ್ಲೋರ್‌ಹೆಕ್ಸಿಡಿನ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿ, ಪೂರ್ತಿ ಆರಿಸಿ. ಉಜ್ಜಬೇಡಿ, ಬ್ಯಾಂಡೇಜ್ ಸುತ್ತಬೇಡಿ. ನಾಯಿ ಹುಣ್ಣನ್ನು ನೆಕ್ಕದಂತೆ, ಕಚ್ಚದಂತೆ ಕೊರಳಿಗೆ ಪ್ಲಾಸ್ಟಿಕ್ ಕೋನ್ ಹಾಕದಿದ್ದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿಲ್ಲ. ಊಟ ಮಾಡುವಾಗ ಬಿಚ್ಚಿದರೆ ಪಕ್ಕದಲ್ಲೇ ನಿಂತಿರಿ.

ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್, ಡೆಟಾಲ್ ಹಸಿ ಚರ್ಮವನ್ನು ಇನ್ನಷ್ಟು ಸುಡುತ್ತವೆ. ಎಣ್ಣೆ ಬೇಡ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ, ಮೇಲಾಗಿ ಎಣ್ಣೆಯ ರುಚಿಗೆ ನಾಯಿ ಮತ್ತಷ್ಟು ನೆಕ್ಕುತ್ತದೆ. ತಂಪೆಂದು ಕ್ಯಾಲಮೈನ್ ಲೋಷನ್ ಹಚ್ಚುವವರಿದ್ದಾರೆ. ಅದರಲ್ಲಿ ಸತುವಿನ ಆಕ್ಸೈಡ್ ಇದೆ, ನೆಕ್ಕಿ ಹೊಟ್ಟೆಗೆ ಹೋದರೆ ವಿಷವಾಗಬಹುದು. ನೋವಿಗೆಂದು ಮನುಷ್ಯರ ಐಬುಪ್ರೊಫೆನ್, ಡೈಕ್ಲೋಫೆನಾಕ್, ಪ್ಯಾರಸಿಟಮಾಲ್ ಕೊಡಲೇಬೇಡಿ. ದನಕ್ಕೆ ಹೊಡೆಯುವ ಉಣುಗಿನ ಔಷಧಿಯನ್ನು ಹಸಿ ಗಾಯಕ್ಕೆ ಸುರಿಯುವುದು ನಮ್ಮ ಕಡೆ ಇನ್ನೂ ನಡೆದಿದೆ, ಅದನ್ನೂ ಮಾಡಬೇಡಿ. ಅತ್ತೆಯವರು ಇಂದಿಗೂ ಅರಿಶಿನದ ಮೇಲೆ ನಂಬಿಕೆ ಬಿಟ್ಟಿಲ್ಲ, ಕೂದಲು ಬೋಳಿಸುವುದಕ್ಕೆ ಮಾತ್ರ ಒಪ್ಪಿದ್ದಾರೆ.

ಒಂದೆರಡು ದಿನದಲ್ಲಿ ಹುಣ್ಣು ಒಣಗುವ ಲಕ್ಷಣ ಕಾಣದಿದ್ದರೆ, ಸುತ್ತ ಸಣ್ಣ ಗುಳ್ಳೆಗಳಿದ್ದರೆ, ದುರ್ವಾಸನೆ ಬಂದರೆ ಅಥವಾ ನಾಯಿ ಮಂಕಾದರೆ ಮನೆಮದ್ದಿನ ಕಾಲ ಮುಗಿಯಿತೆಂದು ತಿಳಿಯಿರಿ. ಗೋಲ್ಡನ್ ಮತ್ತು ಲ್ಯಾಬ್ರಡಾರ್ ತಳಿಗಳಲ್ಲಿ ಸೋಂಕು ಚರ್ಮದ ಆಳಕ್ಕೆ ಇಳಿಯುವುದು ಹೆಚ್ಚು. ಊರಿನಲ್ಲಿ ಅನುಕೂಲವಾಗದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜು ನಿಮಗೆ ದೂರವಲ್ಲ.

ಅದಕ್ಕೂ ಮೊದಲು ಇಂದೇ ಒಂದು ಪರೀಕ್ಷೆ ಮಾಡಿ. ಬಾಲದ ಬುಡದ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ, ಹುಣ್ಣಿಗೆ ತಾಗದಂತೆ ಬಾಚಿ, ಉದುರುವ ಕರಿಯ ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ. ಅದರ ಸುತ್ತ ಕೆಂಪು ಬಣ್ಣ ಹರಡಿದರೆ ಅದು ಮಣ್ಣಲ್ಲ, ನಾಯಿಯ ರಕ್ತ ಕುಡಿದ ಚಿಗಟದ ಹಿಕ್ಕೆ. ಆಗ ನಾಯಿಯ ತೂಕ ಹೇಳಿ ವೈದ್ಯರಿಂದ ಚಿಗಟದ ಮಾತ್ರೆ ಬರೆಸಿಕೊಳ್ಳಿ. ಚಿಗಟದ ಮೊಟ್ಟೆ, ಮರಿಗಳು ಹಾಸಿಗೆಯಲ್ಲಿಯೇ ಬೆಳೆಯುವುದರಿಂದ ಅದನ್ನು ಬಿಸಿನೀರಿನಲ್ಲಿ ಒಗೆಯಿರಿ, ಗೋಣಿಚೀಲವಾಗಿದ್ದರೆ ಸುಟ್ಟುಬಿಡಿ. ಕೆಂಪು ಕಾಣದಿದ್ದರೂ ಚಿಗಟವಿಲ್ಲವೆಂದು ತೀರ್ಮಾನಿಸಬೇಡಿ, ಆದರೆ ಗುದಗ್ರಂಥಿ ಮತ್ತು ಸೊಂಟದ ಕೀಲುಗಳನ್ನೂ ಪರೀಕ್ಷಿಸುವಂತೆ ನೀವಾಗಿಯೇ ಕೇಳಿ.