ಓದುಗರ ಪ್ರಶ್ನೆ: ದೇವರ ವಿಷಯದಲ್ಲಿ ಅಣ್ಣ ಹಾಗೆ, ತಮ್ಮ ಹೀಗೆ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ. ತೀರ್ಥಹಳ್ಳಿ ಕಡೆ ಇಬ್ಬರು ಅಣ್ಣತಮ್ಮಂದಿರಿದ್ದಾರೆ, ಇಬ್ಬರೂ ಹೆಸರು ಮಾಡಿದವರು. ಅಣ್ಣ ನಿವೃತ್ತ ವಿಜ್ಞಾನ ಮೇಷ್ಟ್ರು. ಊರೂರಿಗೆ ಹೋಗಿ ಪವಾಡಗಳ ಗುಟ್ಟು ಬಿಚ್ಚಿ ತೋರಿಸುತ್ತಾರೆ. ತಮ್ಮ ತಾಳಮದ್ದಳೆಯ ಅರ್ಥಧಾರಿ, ಅಂದರೆ ವೇಷ ಹಾಕದೆ ಕೂತು ಪುರಾಣದ ಪಾತ್ರಗಳ ಮಾತನ್ನು ಅಲ್ಲೇ ಕಟ್ಟಿ ಹೇಳುವವರು, ತುಂಬಾ ದೈವಭಕ್ತರು. ಕಾಲೇಜಿನ ಕಾರ್ಯಕ್ರಮದಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ ‘ದೇವರು ಇದ್ದಾನೆಯೇ?’ ಅಂತ ಸಂದರ್ಶನ ಮಾಡುವ ಆಸೆ. ಇಬ್ಬರೂ ಒಪ್ಪಿದ್ದಾರೆ. ಹೇಗೆ ಮಾಡಿದರೆ ಚೆನ್ನ?
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಮೊದಲು ಆ ಪ್ರಶ್ನೆಯನ್ನು ಬಿಟ್ಟುಬಿಡಿ ತಂಗಿ. ದೇವರು ಇದ್ದಾನೋ ಇಲ್ಲವೋ ಅಂತ ಇಬ್ಬರೂ ಇಷ್ಟು ವರ್ಷ ನೂರಾರು ಸಭೆಗಳಲ್ಲಿ ಹೇಳಿ ಆಗಿದೆ. ನೀವು ಕೇಳಿದ ಕೂಡಲೇ ಬಾಯಿಪಾಠ ಬಂದದ್ದು ಹೊರಗೆ ಬರುತ್ತೆ. ಸಭೆ ಚಪ್ಪಾಳೆ ತಟ್ಟುತ್ತೆ. ನಿಮ್ಮ ಕೈಗೆ ಹೊಸದೇನೂ ಸಿಗೋದಿಲ್ಲ.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಎಷ್ಟೋ ವರ್ಷದ ಹಿಂದೆ ಸಾಗರದ ಕಡೆಯ ಒಂದು ಸಭೆಯಲ್ಲಿ ಇಂಥದ್ದೇ ಇಬ್ಬರು ಅಣ್ಣತಮ್ಮಂದಿರನ್ನು ಎದುರುಬದುರು ಕೂರಿಸಿ ಇದೇ ಪ್ರಶ್ನೆ ಕೇಳಿದ್ದೆ. ಒಂದು ಗಂಟೆ ಚೆನ್ನಾಗಿಯೇ ಮಾತಾಡಿದರು. ಆಮೇಲೆ ಅಣ್ಣ ಚಹಾನೂ ಕುಡಿಯದೆ ಬಸ್ಸು ಹತ್ತಿದರು, ಮತ್ತೆ ಎರಡು ವರ್ಷ ತಮ್ಮನ ಮನೆಗೆ ಕಾಲಿಡಲಿಲ್ಲ ಅಂತ ಅವರ ಅಕ್ಕ ಹೇಳಿದಾಗ ನನಗೆ ಆದ ನೋವು ಇನ್ನೂ ಹೋಗಿಲ್ಲ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದ ಆಗುತ್ತೆ.

ಇಂಥ ಜೋಡಿಗಳಲ್ಲಿ ನಮ್ಮ ಕಾಲಕ್ಕೆ ಜಾಸ್ತಿ ಹೆಸರಾದವರು ಇಂಗ್ಲೆಂಡಿನ ಹಿಚೆನ್ಸ್ ಸಹೋದರರು. ಅಣ್ಣ ಕ್ರಿಸ್ಟೋಫರ್ ಹುಟ್ಟಿದ್ದು 1949ರಲ್ಲಿ, ತಮ್ಮ ಪೀಟರ್ 1951ರಲ್ಲಿ. ತಂದೆ ನೌಕಾಪಡೆಯ ಅಧಿಕಾರಿ. ಹರೆಯದಲ್ಲಿ ಇಬ್ಬರೂ ಎಡಪಂಥದವರು, ಇಬ್ಬರೂ ದೇವರನ್ನು ಬಿಟ್ಟವರು, ಇಬ್ಬರೂ ಪತ್ರಕರ್ತರಾದವರು. ಪೀಟರ್ ಅಂತೂ 15ನೇ ವಯಸ್ಸಿಗೇ ಶಾಲೆಯ ಮೈದಾನದಲ್ಲಿ ತನ್ನ ಬೈಬಲನ್ನು ಸುಟ್ಟಿದ್ದರು. ಆಮೇಲೆ ದೊಡ್ಡವರಾದ ಮೇಲೆ ಅವರೇ ಚರ್ಚಿಗೆ ವಾಪಸು ಹೋದರು. ಅಣ್ಣ 2007ರಲ್ಲಿ ಧರ್ಮದ ವಿರುದ್ಧ ಪುಸ್ತಕ ಬರೆದು ಲೋಕಕ್ಕೆಲ್ಲ ಗೊತ್ತಾದರು. ತಮ್ಮ 2010ರಲ್ಲಿ ನಂಬಿಕೆಯ ಪರವಾಗಿ ಪುಸ್ತಕ ತಂದರು. ಬೈಬಲ್ ಸುಟ್ಟವನೇ ಭಕ್ತನಾದ ಅನ್ನೋದನ್ನು ನೆನಪಲ್ಲಿಡಿ. ನಿಮ್ಮ ಅರ್ಥಧಾರಿಗಳೂ ಹುಟ್ಟುತ್ತಲೇ ಭಕ್ತರಾಗಿರಲಿಕ್ಕಿಲ್ಲ, ಮೇಷ್ಟ್ರು ಚಿಕ್ಕವರಿದ್ದಾಗ ಮನೆಯ ದೇವರಿಗೆ ಹೂ ಕೊಯ್ದು ತರುತ್ತಿದ್ದವರೇ ಇರಬಹುದು. ‘ಯಾವಾಗ ಬದಲಾಯಿತು? ಅವತ್ತು ಏನಾಯಿತು?’ ಅಂತ ಕೇಳಿ. ಯಾಕೆ ಅಂತ ಕೇಳಿದರೆ ವಾದ ಬರುತ್ತೆ, ಯಾವಾಗ ಅಂತ ಕೇಳಿದರೆ ಕಥೆ ಬರುತ್ತೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಹಿಚೆನ್ಸ್ ಸಹೋದರರು ಕೆಲವು ವರ್ಷ ಮಾತು ಬಿಟ್ಟಿದ್ದರು. ದೇವರ ಸಲುವಾಗಿ ಬಿಟ್ಟದ್ದು ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲ. 2001ರಲ್ಲಿ ಪೀಟರ್ ಒಂದು ಲೇಖನದಲ್ಲಿ ಅಣ್ಣ ಹಿಂದೆ ಯಾವಾಗಲೋ ಸೋವಿಯತ್ ಸೇನೆಯ ಬಗ್ಗೆ ಆಡಿದ ಒಂದು ತಮಾಷೆ ಮಾತನ್ನು ಬರೆದರು. ಅಣ್ಣನಿಗೆ ಅದು ಸರಿಬರಲಿಲ್ಲ. ಅಷ್ಟೇ. 2005ರಲ್ಲಿ ವೇಲ್ಸ್‌ನ ಹೇ ಅನ್ನುವ ಊರಿನ ಸಾಹಿತ್ಯೋತ್ಸವದಲ್ಲಿ ಇಬ್ಬರನ್ನೂ ಮತ್ತೆ ಒಂದೇ ವೇದಿಕೆಗೆ ಕರೆದು ಕೂರಿಸಿದರು. ಹೊರಗಿನವರ ಕಣ್ಣಿಗೆ ಕಾಣೋದು ದೇವರ ಜಗಳ, ಒಳಗೆ ಇರೋದು ‘ನೀನು ನನ್ನ ಮಾತನ್ನು ನಾಲ್ಕು ಜನರ ಮುಂದೆ ಹೇಳಿದೆ’ ಅನ್ನುವ ಸಂಕಟ. ನಮ್ಮ ಮಲೆನಾಡಿನ ಮನೆಗಳಲ್ಲಿ ಅದು ಇನ್ನೂ ಬೇರೆಯೇ ಇರುತ್ತೆ. ಹಿಸ್ಸೆ ಆಗುವಾಗ ಯಾರಿಗೆ ಯಾವ ತೋಟ ಹೋಯಿತು, ಅಪ್ಪನ ಕೊನೆಗಾಲದಲ್ಲಿ ಯಾರು ನೋಡಿಕೊಂಡರು, ಹಳೇ ಮನೆ ಯಾರಿಗೆ ಬಂತು. ನೀವು ದೇವರು ದೇವರು ಅಂತ ಕೇಳುತ್ತಾ ಹೋದರೆ ಇದು ಯಾವುದೂ ಗೊತ್ತಾಗೋದೇ ಇಲ್ಲ. ಹಾಗಂತ ವೇದಿಕೆ ಮೇಲೆ ಹಿಸ್ಸೆ ವಿಷಯ ಎತ್ತಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಎತ್ತಬೇಡಿ. ಗೊತ್ತಿರಲಿ ಅಷ್ಟೇ. ಗೊತ್ತಿದ್ದರೆ ಯಾವ ಮಾತಿಗೆ ತಮ್ಮನ ಮುಖ ಯಾಕೆ ಬಾಡಿತು ಅನ್ನೋದು ನಿಮಗೆ ತಿಳಿಯುತ್ತೆ, ಅಲ್ಲಿ ನಿಲ್ಲಿಸಬೇಕು ಅನ್ನೋದೂ ತಿಳಿಯುತ್ತೆ.

ಈ ಪೀಟರ್ ಬರೆದುಕೊಂಡ ಒಂದು ನೆನಪಿದೆ. ಚಿಕ್ಕಂದಿನಲ್ಲಿ ಇವರಿಬ್ಬರ ಜಗಳ ನೋಡಿ ಸಾಕಾಗಿ ತಂದೆ ಒಂದು ಶಾಂತಿ ಒಪ್ಪಂದ ಬರೆಸಿ ಇಬ್ಬರ ಕೈಯಲ್ಲೂ ಸಹಿ ಹಾಕಿಸಿ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರಂತೆ. ಒಂದು ದಿನ ಪೀಟರ್ ಸಿಟ್ಟಿನಲ್ಲಿ ಅದನ್ನು ಚೌಕಟ್ಟಿನಿಂದ ಕಿತ್ತು ತನ್ನ ಸಹಿಯನ್ನು ಅಳಿಸಿ ಹಾಕಿದರಂತೆ. ದೇವರ ಬಗ್ಗೆ ಅವರು ಆಡಿದ ವಾದ ನನಗೆ ಅಷ್ಟಾಗಿ ನೆನಪಿಲ್ಲ. ಗೋಡೆಯ ಮೇಲಿನ ಆ ಕಾಗದ ಮಾತ್ರ ಮರೆಯೋಕೆ ಆಗೋದಿಲ್ಲ. ನಿಮಗೆ ಬೇಕಾದ್ದು ಇಂಥದ್ದು. ಅದು ವೇದಿಕೆ ಮೇಲೆ ಸಿಗೋದಿಲ್ಲ, ಜಗಲಿಯಲ್ಲಿ ಸಿಗುತ್ತೆ.

ಹಾಗಾಗಿ ಕಾರ್ಯಕ್ರಮಕ್ಕೆ ಮೊದಲು ಇಬ್ಬರ ಮನೆಗೂ ಬೇರೆ ಬೇರೆ ಹೋಗಿ. ಒಂದು ಸಲ ಸಾಲದು, ಎರಡು ಸಲ. ಅಡಿಕೆ ಕೊಯ್ಲಿನ ಸಮಯ ಆದರೆ ಇನ್ನೂ ಒಳ್ಳೇದು. ಅಡಿಕೆ ಸುಲಿಯುತ್ತಾ ಕೂತವರು ಎಷ್ಟು ಮಾತಾಡುತ್ತಾರೆ ಅಂತ ನಿಮಗೇ ಗೊತ್ತು. ಕೈಗೆ ಕೆಲಸ ಇರುತ್ತೆ, ಕಣ್ಣು ಅಡಿಕೆ ಮೇಲಿರುತ್ತೆ, ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತೆ. ಮೊದಲ ದಿನ ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ, ಸುಮ್ನೆ ಕೇಳಿ. ಅಕ್ಕನೋ ತಂಗಿಯೋ ಇದ್ದರೆ ಅವರ ಹತ್ತಿರ ಖಂಡಿತ ಮಾತಾಡಿ. ಇಬ್ಬರು ಗಂಡುಮಕ್ಕಳ ವಾದದ ನಡುವೆ ಆ ಮನೆಯನ್ನು ಒಟ್ಟಿಗೆ ಹಿಡಿದುಕೊಂಡವರು ಅವರೇ ಆಗಿರುತ್ತಾರೆ. ಅವರನ್ನು ಯಾರೂ ಏನೂ ಕೇಳಿರೋದಿಲ್ಲ.

ಏನು ಕೇಳಬೇಕು ಅಂದರೆ, ಒಂದು ಉದಾಹರಣೆ ಹೇಳುತ್ತೇನೆ. ಮೇಷ್ಟ್ರನ್ನು ‘ಭೂಮಿ ಹುಣ್ಣಿಮೆ ದಿನ ನೀವು ಏನು ಮಾಡ್ತೀರಿ?’ ಅಂತ ಕೇಳಿ. ಹೊಡೆಗಟ್ಟಿದ ಭತ್ತದ ಗದ್ದೆಗೆ ಬಸುರಿಯ ಬಯಕೆ ತೀರಿಸೋ ಹಬ್ಬ ಅದು. ಮನೆಯ ಹೆಂಗಸರು ರಾತ್ರಿಯೆಲ್ಲ ಕೂತು ಅಡುಗೆ ಮಾಡುತ್ತಾರೆ, ಬೆಳಗಿನ ಜಾವ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ ಚೆಲ್ಲುತ್ತಾರೆ, ಅಂದರೆ ಆ ಅಡುಗೆಯನ್ನು ಗದ್ದೆಗೆ ಬೀರುತ್ತಾರೆ. ಪವಾಡ ಬಯಲು ಮಾಡುವ ಮೇಷ್ಟ್ರು ಆ ಬುಟ್ಟಿ ಹೊರುತ್ತಾರಾ ಇಲ್ಲವಾ? ಹೊತ್ತರೆ ಯಾಕೆ? ಬಿಟ್ಟಿದ್ದರೆ ಬಿಟ್ಟ ಮೊದಲ ವರ್ಷ ಮನೆಯಲ್ಲಿ ಅಮ್ಮ ಏನಂದರು? ಅದೇ ರೀತಿ ತಮ್ಮನನ್ನು ‘ಅರ್ಥ ಹೇಳುವಾಗ ದೇವರನ್ನು ಧಿಕ್ಕರಿಸುವ ಪಾತ್ರ ಬಂದರೆ ಏನು ಮಾಡ್ತೀರಿ?’ ಅಂತ ಕೇಳಿ. ತಾಳಮದ್ದಳೆಯಲ್ಲಿ ಹಿರಣ್ಯಕಶಿಪುವಿನ ಪಾತ್ರ ಸಿಕ್ಕರೆ ಅವನ ಪರವಾಗಿ ಪೂರ್ತಿ ಬಲದಿಂದ ವಾದ ಮಾಡಲೇಬೇಕು, ಬರೆದಿಟ್ಟ ಮಾತಿಲ್ಲದೆ. ದೊಡ್ಡ ಭಕ್ತರೇ ಆ ಪಾತ್ರವನ್ನು ಜೀವ ಕೊಟ್ಟು ಹೇಳುತ್ತಾರೆ. ಆ ಮಾತು ಆಡುವಾಗ ಅಣ್ಣ ನೆನಪಾಗುತ್ತಾರಾ ಅಂತ ಕೇಳಿ ನೋಡಿ. ಈ ಒಂದು ಪ್ರಶ್ನೆಗೆ ಬರುವ ಉತ್ತರಕ್ಕಾಗಿ ನಾನೇ ಬಸ್ಸು ಹತ್ತಿ ತೀರ್ಥಹಳ್ಳಿಗೆ ಬರಬಲ್ಲೆ.

ಅಪ್ಪ ಅಮ್ಮನ ಶ್ರಾದ್ಧ ಯಾರು ಮಾಡುತ್ತಾರೆ ಅನ್ನೋದು ಇನ್ನೊಂದು ಪ್ರಶ್ನೆ. ಹಿರಿಮಗ ನಂಬದವನಾದರೆ ಇದು ಪ್ರತಿ ವರ್ಷ ಮನೆಗೆ ಬರುವ ಕಷ್ಟ. ಇದನ್ನು ಮನೆಯಲ್ಲಿ ಕೇಳಿ, ಒಬ್ಬೊಬ್ಬರನ್ನೇ ಕೇಳಿ, ಬರೆಯಬಹುದಾ ಅಂತ ಒಪ್ಪಿಗೆ ತಗೊಳ್ಳಿ. ಬೇಡ ಅಂದರೆ ಬೇಡ.

‘ನಾಸ್ತಿಕ’, ‘ಆಸ್ತಿಕ’ ಅಂತ ಪೋಸ್ಟರಿನಲ್ಲಿ ಹಾಕುವ ಮೊದಲೂ ಸ್ವಲ್ಪ ಯೋಚಿಸಿ. ಹಳೇ ಶಾಸ್ತ್ರದ ಲೆಕ್ಕದಲ್ಲಿ ವೇದವನ್ನು ಒಪ್ಪದವರು ನಾಸ್ತಿಕರು. ಜೈನರು, ಬೌದ್ಧರು ಆ ಪಟ್ಟಿಗೆ ಬರುತ್ತಾರೆ. ಸಾಂಖ್ಯರು ಲೋಕವನ್ನು ವಿವರಿಸೋಕೆ ಈಶ್ವರ ಬೇಕು ಅನ್ನಲಿಲ್ಲ, ಆದರೂ ಆಸ್ತಿಕರ ಸಾಲಿನಲ್ಲೇ ಇದ್ದಾರೆ. ಪದಗಳು ಇಷ್ಟು ಗೋಜಲಾಗಿವೆ. ನಮ್ಮ ಎಚ್. ನರಸಿಂಹಯ್ಯನವರನ್ನೇ ನೋಡಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷೆ ಮಾಡೋಕೆ ಸಮಿತಿ ಮಾಡಿದವರು, ಅದೇ ಮನುಷ್ಯ ಗಾಂಧಿ ಟೋಪಿ ಹಾಕಿಕೊಂಡು ಹಾಸ್ಟೆಲಿನ ರೂಮಿನಲ್ಲಿ ಸನ್ಯಾಸಿಯಂತೆ ಬದುಕಿದವರು. ಒಂದು ಪದದಲ್ಲಿ ಹಿಡಿಸೋ ಮನುಷ್ಯರಲ್ಲ ಅವರು. ನಿಮ್ಮ ಇಬ್ಬರನ್ನೂ ‘ನಿಮ್ಮನ್ನು ಏನಂತ ಕರೆಯಲಿ?’ ಅಂತ ಕೇಳಿ, ಅವರು ಹೇಳಿದ ಪದವನ್ನೇ ಹಾಕಿ.

ಇನ್ನು ವೇದಿಕೆ. ಎದುರುಬದುರು ಬೇಡ, ಅಕ್ಕಪಕ್ಕ ಕೂರಿಸಿ, ನೀವು ಎದುರು ಕೂತುಕೊಳ್ಳಿ. ಮೊದಲ ಸುತ್ತಿನಲ್ಲಿ ಅಣ್ಣನ ವಾದವನ್ನು ತಮ್ಮ ಹೇಳಲಿ, ಅಣ್ಣ ‘ಹೌದು, ನಾನು ಹೇಳೋದು ಇದೇ’ ಅನ್ನುವ ತನಕ. ಆಮೇಲೆ ತಮ್ಮನದನ್ನು ಅಣ್ಣ ಹೇಳಲಿ. ಅರ್ಥಧಾರಿಗಳಿಗೆ ಇದು ನೀರು ಕುಡಿದಷ್ಟು ಸುಲಭ, ಕಷ್ಟ ಆಗೋದು ಮೇಷ್ಟ್ರಿಗೆ. ಸಮಯ ಕೊಡಿ. ‘ನಿಮ್ಮ ತಮ್ಮ ನಿಮ್ಮ ಬಗ್ಗೆ ಹೀಗಂದರು, ಏನಂತೀರಿ?’ ಅನ್ನುವ ಪ್ರಶ್ನೆ ಬೇಡವೇ ಬೇಡ. ಮನೆಯ ಜಗಲಿಯಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸಿ ಬೆಂಕಿ ಹಚ್ಚೋದು ಸಂದರ್ಶನ ಅಲ್ಲ, ಚಾಡಿ.

ಜನಕ್ಕೆ ಜಗಳ ಬೇಕು ಅನ್ನೋದು ನಿಜ. 2008ರ ಏಪ್ರಿಲಿನಲ್ಲಿ ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನಲ್ಲಿ ಹಿಚೆನ್ಸ್ ಸಹೋದರರ ಚರ್ಚೆ ನಡೆಯಿತು. ಇರಾಕ್ ಯುದ್ಧ ಒಂದು ವಿಷಯ, ದೇವರು ಇನ್ನೊಂದು. ಅಲ್ಲೂ ಅಂದುಕೊಂಡ ಹಾಗೆ ಇರಲಿಲ್ಲ, ಯುದ್ಧ ಬೇಕು ಅಂದದ್ದು ದೇವರನ್ನು ನಂಬದ ಅಣ್ಣ, ಬೇಡ ಅಂದದ್ದು ಸಂಪ್ರದಾಯಸ್ಥ ತಮ್ಮ. ಆ ಚರ್ಚೆಗೆ ಹೋಗುವ ಮೊದಲು ಅಣ್ಣ ನನಗಾಗಿ ಕೈಯಾರೆ ಅಡುಗೆ ಮಾಡಿ ಬಡಿಸಿದ, ನನಗೆ ನಂಬೋಕೇ ಆಗಲಿಲ್ಲ ಅಂತ ಪೀಟರ್ ಆಮೇಲೆ ಬರೆದರು. ತಮ್ಮಿಬ್ಬರ ಹಳೇ ಜಗಳ ಅವತ್ತಿಗೆ ಮುಗಿಯಿತು ಅಂತಲೂ ಬರೆದರು. ಅಭಿಪ್ರಾಯ ಬದಲಾಗಲಿಲ್ಲ, ಒಂದು ಚೂರೂ. ಕ್ರಿಸ್ಟೋಫರ್‌ಗೆ ಅನ್ನನಾಳದ ಕ್ಯಾನ್ಸರ್ ಆಯಿತು, 2011ರ ಡಿಸೆಂಬರ್ 15ರಂದು ತೀರಿಕೊಂಡರು. ಮುಂದಿನ ವರ್ಷ ನ್ಯೂಯಾರ್ಕಿನಲ್ಲಿ ನಡೆದ ಸ್ಮರಣೆಯ ಸಭೆಯಲ್ಲಿ ಪೀಟರ್ ಬೈಬಲಿನ ಒಂದು ಭಾಗ ಓದಿದರು. ಅದು ಅವರ ತಂದೆಯ ಅಂತ್ಯಸಂಸ್ಕಾರದ ದಿನ ಕ್ರಿಸ್ಟೋಫರ್ ಆರಿಸಿ ಓದಿದ್ದ ಭಾಗವೇ. ನಂಬದ ಅಣ್ಣ ಅಪ್ಪನಿಗಾಗಿ ಓದಿದ್ದನ್ನು ನಂಬಿದ ತಮ್ಮ ಅಣ್ಣನಿಗಾಗಿ ಓದಿದರು. ಇದನ್ನು ಬರೆಯುವಾಗಲೂ ನನ್ನ ಕಣ್ಣು ತೇವ ಆಗುತ್ತೆ.

ಇನ್ನೊಂದು ಜೋಡಿಯ ಕಥೆ ಹೀಗಿಲ್ಲ. ಇಂಗ್ಲೆಂಡಿನ ಪಾದ್ರಿ ಜಾನ್ ಹೆನ್ರಿ ನ್ಯೂಮನ್ 1845ರಲ್ಲಿ ಕ್ಯಾಥೊಲಿಕ್ ಆದರು, ಕೊನೆಗೆ ಪೋಪ್ ನಂತರದ ದೊಡ್ಡ ಸ್ಥಾನವಾದ ಕಾರ್ಡಿನಲ್ ಆದರು. ತಮ್ಮ ಫ್ರಾನ್ಸಿಸ್ ಸಾಂಪ್ರದಾಯಿಕ ನಂಬಿಕೆಯನ್ನೇ ಬಿಟ್ಟು ದೂರ ನಡೆದರು. ಅಣ್ಣ 1890ರಲ್ಲಿ ತೀರಿಕೊಂಡ ಮರುವರ್ಷವೇ ಫ್ರಾನ್ಸಿಸ್ ಅಣ್ಣನ ಬಗ್ಗೆ ಕಹಿಯಾದ ಪುಸ್ತಕ ತಂದರು. ಉತ್ತರ ಹೇಳಬೇಕಾದವರು ಆಗ ಇರಲಿಲ್ಲ. ಇಬ್ಬರೂ ಗಟ್ಟಿಯಾಗಿ ಇರುವಾಗಲೇ ಇಬ್ಬರ ಮಾತನ್ನೂ ದಾಖಲೆ ಮಾಡುವ ನಿಮ್ಮ ಆಸೆ ಅದಕ್ಕೇ ನನಗೆ ಇಷ್ಟವಾಯಿತು.

ಪ್ರಶ್ನೆ: ಸಂದರ್ಶನ ಮಾಡುವವರು ತಮ್ಮ ನಂಬಿಕೆ ಏನು ಅಂತ ಮೊದಲೇ ಹೇಳಬೇಕಾ?
– ಓದುಗರು, ಹೊಸನಗರ

ಉತ್ತರ: ಅವರು ಕೇಳಿದರೆ ಹೇಳಿ, ಮುಚ್ಚಿಡಬೇಡಿ. ಕೇಳದಿದ್ದರೆ ಬೇಡ, ಅವರ ಸಮಯ ಅದು. ನನ್ನನ್ನು ಕೇಳಿದವರಿಗೆ ನಾನು ದೇವರನ್ನು ನಂಬುತ್ತೇನೆ, ಹರಕೆಯನ್ನು ನಂಬೋದಿಲ್ಲ ಅಂತ ಹೇಳುತ್ತೇನೆ. ನಂಬುವವರಿಗೂ ನಂಬದವರಿಗೂ ಪೂರ್ತಿ ಸಮಾಧಾನ ಆಗೋದಿಲ್ಲ, ಆದರೆ ಮಾತು ಮುಂದುವರಿಯುತ್ತೆ.

ಪ್ರಶ್ನೆ: ನಾನು ವರ್ಷಕ್ಕೊಮ್ಮೆ ಸಿಗಂದೂರಿಗೆ ಹೋಗುವವಳು. ತಮ್ಮ ಇದೆಲ್ಲ ಮೂಢನಂಬಿಕೆ ಅಂತ ಮನೆಯಲ್ಲಿ ಎಲ್ಲರೆದುರು ಹೇಳುತ್ತಾನೆ. ನಾವು ಹೆಸರು ಮಾಡಿದವರೇನಲ್ಲ. ಆದರೂ ನೋವಾಗುತ್ತೆ. ಏನು ಮಾಡಲಿ?
– ಅಕ್ಕ, ಸಾಗರ

ಉತ್ತರ: ಅಕ್ಕಾ, ನಿಮಗೆ ಒಂದು ಹಳೇ ಕಥೆ ಹೇಳುತ್ತೇನೆ. ತಮಿಳುನಾಡಿನ ಶಿವಭಕ್ತ ಅಪ್ಪರ್ ಮೊದಲು ಜೈನ ಮುನಿ ಆಗಿದ್ದರಂತೆ. ಅಕ್ಕ ತಿಲಕವತಿ ಶಿವನನ್ನು ನಂಬಿದವಳು. ಅವರಿಗೆ ತಡೆಯಲಾರದ ಹೊಟ್ಟೆನೋವು ಬಂದಾಗ ಎಲ್ಲ ಬಿಟ್ಟು ಹೋದದ್ದು ಅಕ್ಕನ ಹತ್ತಿರ, ಅಕ್ಕ ವಿಭೂತಿ ಕೊಟ್ಟಳು ಅಂತ ಪುರಾಣ ಹೇಳುತ್ತೆ. ಅದನ್ನು ಬರೆದವರು ಶೈವರು, ಜೈನರು ಬರೆದಿದ್ದರೆ ಬೇರೆ ಥರ ಹೇಳುತ್ತಿದ್ದರು. ನನಗೆ ಹಿಡಿಸಿದ್ದು ಹೊಟ್ಟೆನೋವು ಬಂದಾಗ ಅಕ್ಕನ ಮನೆ ನೆನಪಾಯಿತಲ್ಲ, ಅದು.

ತಮ್ಮನಿಗೆ ಎಲ್ಲರೆದುರು ಉತ್ತರ ಕೊಡಬೇಡಿ. ಒಬ್ಬನೇ ಸಿಕ್ಕಾಗ ‘ನೀನು ನಂಬದೇ ಇರು, ನನ್ನನ್ನು ನಾಲ್ಕು ಜನರ ಮುಂದೆ ಸಣ್ಣವಳು ಮಾಡಬೇಡ’ ಅಂತ ನೇರವಾಗಿ ಹೇಳಿ. ಆಮೇಲೆ ಅವನು ಯಾಕೆ ಹಾಗಾದ ಅಂತ ಒಂದು ಸಲ ಕೇಳಿ, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ. ಯಾವುದೋ ದೇವಸ್ಥಾನದಲ್ಲೋ, ಯಾರದ್ದೋ ಸಾವಿನಲ್ಲೋ ಅವನಿಗೆ ಏನೋ ಪೆಟ್ಟು ಬಿದ್ದಿರಬಹುದು, ನಿಮಗೆ ಹೇಳಿರಲಿಕ್ಕಿಲ್ಲ. ಈಗ ಸಿಗಂದೂರಿಗೆ ಲಾಂಚಿಗೆ ಕಾಯೋ ಕೆಲಸವೂ ಇಲ್ಲ, 2025ರ ಜುಲೈಯಿಂದ ಸೇತುವೆ ಮೇಲೇ ಹೋಗಬಹುದು. ಮುಂದಿನ ಸಲ ಹೋಗುವಾಗ ಅವನನ್ನೂ ಕರೆಯಿರಿ. ಗುಡಿಯ ಒಳಗೆ ಬರೋದು ಬೇಡ ಅನ್ನಿ. ನೀವು ದರ್ಶನ ಮುಗಿಸಿ ಬರುವ ತನಕ ಅವನು ಹಿನ್ನೀರು ನೋಡುತ್ತಾ ಕೂತಿರಲಿ, ವಾಪಸು ಬರುವಾಗ ಇಬ್ಬರೂ ಒಟ್ಟಿಗೆ ಊಟ ಮಾಡಿ.