ಮಾಡೆಲ್ ಜೆಟ್‌ನ ರಿಟ್ರಾಕ್ಟ್‌ಗೆ (ಮಡಚುವ ಲ್ಯಾಂಡಿಂಗ್ ಕಾಲಿಗೆ) 16 ಎಂಎಂ ಬೋರ್ (ಒಳವ್ಯಾಸ) ಇರುವ ಗಾಳಿ ಸಿಲಿಂಡರ್ ಹಾಕಿದರೆ ಲ್ಯಾಂಡಿಂಗ್ ಪೆಟ್ಟು ತಡೆಯುತ್ತಾ?

ತಡೆಯಲ್ಲ, ಆ ಕೆಲಸ ಸಿಲಿಂಡರ್‌ದೇ ಅಲ್ಲ. ಅದು ಗಾಳಿಯ ಒತ್ತಡದಿಂದ ಕಾಲನ್ನು ಇಳಿಸಿ ಮಡಚುತ್ತದೆ ಅಷ್ಟೇ. ನಾನೂ ಗಟ್ಟಿಯಾಗಿರಲಿ ಅಂತ ಮೂರೂ ಕಾಲಿಗೆ 16 ಹಾಕಿದ್ದೆ. ಮೂರನೇ ಸಲ ಇಳಿಸುವಾಗ ನೋಸ್ ಗೇರ್ (ಮೂಗಿನ ಕೆಳಗಿನ ಕಾಲು) ಅರ್ಧಕ್ಕೇ ನಿಂತು, ಜೆಟ್ ಮೂಗು ಉಜ್ಜಿಕೊಂಡು ಇಳಿಯಿತು.

ತಪ್ಪಾಗಿದ್ದು ಗಾಳಿಯ ಲೆಕ್ಕದಲ್ಲಿ. 25 ಎಂಎಂ ಸ್ಟ್ರೋಕ್‌ನ (ಪಿಸ್ಟನ್ ಸರಿಯುವ ದೂರ) 16 ಎಂಎಂ ಸಿಲಿಂಡರ್ ಒಮ್ಮೆ ಚಾಚಿದರೆ ಸುಮಾರು 5 ಸಿಸಿ ಗಾಳಿ ನುಂಗುತ್ತದೆ. ಮೂರು ಸೇರಿ 15. ಮಡಚುವಾಗ ರಾಡ್ ಜಾಗ ಕಳೆದು ಇನ್ನೊಂದು 13.6. ನನ್ನ ಟ್ಯಾಂಕ್ ಬರೀ 50 ಸಿಸಿ. 7 ಬಾರ್ ಒತ್ತಡಕ್ಕೆ ಒಮ್ಮೆ ತುಂಬಿಸಿ ಹಾರಿಸಿದರೆ ಮೂರನೇ ಸಲ ಕಾಲು ಇಳಿಸುವ ಹೊತ್ತಿಗೆ 0.8 ಬಾರ್ ಕೂಡ ಇರಲ್ಲ, ಅಂದರೆ ಬರೀ 15 ನ್ಯೂಟನ್ ಬಲ. ಅದೇ ಜಾಗದಲ್ಲಿ 10 ಎಂಎಂ ಇದ್ದಿದ್ದರೆ 3.3 ಬಾರ್ ಉಳಿದು 26 ನ್ಯೂಟನ್ ಸಿಗುತ್ತಿತ್ತು. ಪೈಪಿನ ಗಾಳಿ ಇನ್ನೂ ಸೇರಿಸಿಲ್ಲ: ಒಳವ್ಯಾಸ 2 ಎಂಎಂ ಇದ್ದರೆ ಮೀಟರಿಗೆ 3 ಸಿಸಿ ಪ್ರತಿ ಸಲ ದಂಡ. ಪಂಪ್ ಸಿಕ್ಕಿಸಿಕೊಂಡೇ ನೆಲದಲ್ಲಿ ಟೆಸ್ಟ್ ಮಾಡಿದ್ದರಿಂದ ಇದ್ಯಾವುದೂ ಕಣ್ಣಿಗೆ ಬೀಳಲಿಲ್ಲ.

ಬೋರ್ ಆರಿಸೋದು ಹೀಗೆ. ಕಾಲು, ಚಕ್ರ ಸೇರಿ 150 ಗ್ರಾಂ, ತೂಕದ ಕೇಂದ್ರ ಪಿವಟ್‌ನಿಂದ (ಕಾಲು ತಿರುಗುವ ಕೀಲಿನಿಂದ) 80 ಎಂಎಂ ಅಂದುಕೊಳ್ಳಿ. 90 ಡಿಗ್ರಿ ತಿರುಗಲು 25 ಎಂಎಂ ಸ್ಟ್ರೋಕ್ ಬಳಸಿದರೆ ಎರಡೂ ತುದಿಯಲ್ಲಿ ಸಿಗುವ ಸನ್ನೆಯ ತೋಳು 12.5 ಎಂಎಂ ಮಾತ್ರ. ಕಾಲು ಅಡ್ಡ ಮಲಗಿ ಅತಿ ಭಾರವಾಗುವುದೂ ಅಲ್ಲೇ. ಬೇಕಾದ ಬಲ 9.4 ನ್ಯೂಟನ್. ಓ-ರಿಂಗ್ (ಪಿಸ್ಟನ್ ಸುತ್ತಿನ ರಬ್ಬರ್ ಬಳೆ) ಉಜ್ಜಾಟ, ಲಾಕ್ ಪಿನ್, ಗಾಳಿಯ ಎದುರೊತ್ತು ಸೇರಿಸಿ ಮೂರು ಪಟ್ಟು ಹಿಡಿಯಿರಿ, 28. ಇದು 7 ಬಾರ್‌ನಲ್ಲಿ ಅಲ್ಲ, 4 ಬಾರ್‌ನಲ್ಲಿ ಸಿಗಬೇಕು. 10 ಎಂಎಂ ಬೋರ್ 4 ಬಾರ್‌ಗೆ 31 ಕೊಡುತ್ತದೆ, ಸಾಕು. ಕಾಲು ಇದಕ್ಕಿಂತ ಭಾರ ಇದ್ದರೆ 12, ಅದು 45 ಕೊಡುತ್ತದೆ. ರಾಡ್ ಕಡೆಯಿಂದ ಒತ್ತಿದರೆ ಬಲ ಕಡಿಮೆ, ಹಾಗಾಗಿ ಕಷ್ಟದ ದಿಕ್ಕಿಗೆ ಪಿಸ್ಟನ್‌ನ ಪೂರ್ತಿ ಮುಖ ಬರುವಂತೆ ಕೂರಿಸಿ. ಹಿಂದಕ್ಕೆ ಮಡಚುವ ನೋಸ್ ಗೇರ್‌ಗೆ ಕಷ್ಟ ಇಳಿಯುವಾಗಲೇ, ಗಾಳಿಗೆ ಎದುರಾಗಿ ಮುಂದಕ್ಕೆ ಬರಬೇಕಲ್ಲ! ಟ್ಯಾಂಕ್ 100 ಸಿಸಿ ಇರಲಿ.

ಪೆಟ್ಟು ತಡೆಯುವುದು ಗೇರ್ ಫ್ರೇಮಿನ ಲಾಕ್, ಅಂದರೆ ಸ್ಲಾಟ್‌ನಲ್ಲಿ ಕೂತು ಕಾಲನ್ನು ಹಿಡಿದಿಡುವ ಪಿನ್. ಗಾಳಿಯೆಲ್ಲಾ ಬಿಟ್ಟು, ಇಳಿದ ಚಕ್ರವನ್ನು ಕೈಯಿಂದ ಮಡಚುವ ದಿಕ್ಕಿಗೆ ಒತ್ತಿ ನೋಡಿ. ಕಾಲು ಒಂಚೂರು ಮಡಚಿಕೊಂಡರೂ ಸ್ಲಾಟ್ ಸವೆದಿದೆ ಅಥವಾ ಪಿನ್ ಪೂರ್ತಿ ಕೂತಿಲ್ಲ ಅಂತ. ಅದಕ್ಕೆ ದೊಡ್ಡ ಸಿಲಿಂಡರ್ ಮದ್ದಲ್ಲ.

ಹಾರಿಸುವ ಮುಂಚೆ ಪಂಪ್ ಕಿತ್ತು 3 ಬಾರ್ ಮಾತ್ರ ಇಟ್ಟುಕೊಳ್ಳಿ, ನೋಸ್ ಚಕ್ರಕ್ಕೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಸುಮಾರು 100 ಗ್ರಾಂನಷ್ಟು ಹಿಂದಕ್ಕೆ ಜಗ್ಗುತ್ತಾ ಗೇರ್ ಇಳಿಸಿ. ಲಾಕ್ ಕೂತ ಟಿಕ್ ಶಬ್ದ ಕೇಳಬೇಕು. ತಿಂಗಳುಗಟ್ಟಲೆ ಸುಮ್ಮನಿದ್ದ ಸಿಲಿಂಡರ್‌ನಲ್ಲಿ ಓ-ರಿಂಗ್ ಅಂಟಿಕೊಂಡಿರುತ್ತದೆ, ಒಂದೇ ಹನಿ ಸಿಲಿಕೋನ್ ಎಣ್ಣೆ ಬಿಟ್ಟು ಹತ್ತು ಸಲ ಆಡಿಸಿ.